ತಾತ್ಕಾಲಿಕ ಶೆಡ್ಡಿನ ಅಡಿಪಾಯ

ನನ್ನ ಸೋದರಮಾವ ವಾಸುದೇವ ಮಾವನ ಬಳಿ ಇಸ್ತ್ರಿಯ ಗೆರೆ ಮುರಿಯದ ಒಂದು ಬಿಳಿ ಅಂಗಿಯಿತ್ತು. ಅದನ್ನು ಅವರು ಹಬ್ಬಕ್ಕೆ ತೊಡುತ್ತಿರಲಿಲ್ಲ, ಮದುವೆಗೆ ತೊಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ನಗರಪಾಲಿಕೆಗೆ ಹೋಗಿ ತೆರಿಗೆ ಕಟ್ಟುವ ದಿನ ಮಾತ್ರ ತೊಡುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕವಳೇ. ವಡೋದರಾದ ಮಂಜಲ್‌ಪುರದಲ್ಲಿ, ಬಸ್ಸು ನಿಲ್ಲುವ ತಿರುವಿನಲ್ಲಿ, ಎಂಟು ಮೇಜುಗಳ ಉಡುಪಿ ಹೋಟೆಲು ಅವರದು. ಬೆಳಗಿನ ಮೊದಲ ಇಡ್ಲಿಯ ಹಬೆ ಆರುವ ಮುನ್ನ ಆ ಅಂಗಿ ತೊಟ್ಟು, ಹಣೆಗೆ ಗಂಧವಿಟ್ಟು, ಪಾಲಿಕೆಯ ಕಿಟಕಿಯ ಮುಂದಿನ ಸಾಲಿನಲ್ಲಿ ಮೊದಲಿಗರಾಗಿ ನಿಂತು, ಹಿಂದಿರುಗಿದ ಮೇಲೆ ರಸೀದಿಯನ್ನು ಕೃಷ್ಣನ ಪಟದ ಕೆಳಗಿಟ್ಟು, ಆಮೇಲೆಯೇ ಅವರು ಕೌಂಟರಿನಲ್ಲಿ ಕೂರುತ್ತಿದ್ದರು.

“ಎಂತ ಮಾವ, ದೇವಸ್ಥಾನಕ್ಕೆ ಹೊರಟ ಹಾಗೆ ಹೊರಟಿದ್ದೀರಿ?” ಎಂದು ಒಮ್ಮೆ ಕೇಳಿದ್ದೆ.

“ಮತ್ತೆಂತ ಮಾರಾಯ್ತಿ,” ಎಂದು ಅವರು ಚಪ್ಪಲಿ ಮೆಟ್ಟುತ್ತ ಹೇಳಿದ್ದರು. “ನಾವು ಬಂದದ್ದು ಎಲ್ಲಿಂದ, ಹೋಟ್ಲು ಹಾಕಿದ್ದು ಯಾರ ಊರಲ್ಲಿ? ನೀರು ಇವರದ್ದು, ಚರಂಡಿ ಇವರದ್ದು, ಗಿರಾಕಿ ನಡ್ಕೊಂಡು ಬರುವ ರಸ್ತೆಯೂ ಇವರದ್ದೇ. ಕೊಡ್ಲಿಕ್ಕಿರುವುದನ್ನು ಮೋರೆ ಗಂಟು ಹಾಕ್ಕೊಂಡು ಕೊಟ್ರೆ ಚಂದ ಆಗ್ತದಾ?”

ಆಗ ನನಗೆ ಇಪ್ಪತ್ತಾರು ವರ್ಷ. ಈ ಶತಮಾನ ಇನ್ನೂ ಹೊಸ ಚಪ್ಪಲಿಯಂತೆ ಕಾಲಿಗೆ ಹೊಂದಿಕೊಳ್ಳುತ್ತಿದ್ದ ದಿನಗಳು. ಉಡುಪಿಯಲ್ಲಿ ಓದು ಮುಗಿಸಿ, ಲೆಕ್ಕಪರಿಶೋಧನೆಯ ಪರೀಕ್ಷೆಗಳನ್ನು ಎರಡೆರಡು ಸಲ ಬರೆದು ದಾಟಿ, ಮಾವನ ಮನೆಯ ಮಹಡಿಯ ಕೋಣೆಯಲ್ಲಿ ಹಾಸಿಗೆ ಬಿಡಿಸಿದ ನಾನು, ಮಕರಪುರದ ಕೈಗಾರಿಕಾ ವಸಾಹತಿನಲ್ಲಿದ್ದ ಒಂದು ವಿದೇಶಿ ಕಂಪೆನಿಯ ತೆರಿಗೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದೆ. ಮುಖಕ್ಕೆ ಹಚ್ಚುವ ಕ್ರೀಮು, ತಲೆಗೆ ಹಚ್ಚುವ ಶಾಂಪೂ ತಯಾರಿಸುವ ಕಂಪೆನಿ. ಹೆಸರು ಬೇಡ. ಮಾವನ ದೃಷ್ಟಿಯಲ್ಲಿ ಅದು ಬಹಳ ಗೌರವದ ಕೆಲಸ. ಗಿರಾಕಿಗಳಿಗೆಲ್ಲ ‘ನಮ್ಮ ಸುಮತಿ ದೊಡ್ಡ ಕಂಪೆನಿಯ ತೆರಿಗೆ ನೋಡಿಕೊಳ್ಳುತ್ತಾಳೆ’ ಎಂದು ಹೇಳಿಕೊಳ್ಳುತ್ತಿದ್ದರು. ನೋಡಿಕೊಳ್ಳುವುದೆಂದರೆ ಅದು ಕಟ್ಟಬೇಕಾದಲ್ಲಿ ಕಟ್ಟದಂತೆ ನೋಡಿಕೊಳ್ಳುವುದು ಎಂದು ಅವರಿಗೆ ಹೇಳಲು ನನಗೆ ಧೈರ್ಯವಾಗಲಿಲ್ಲ.

ಸ್ನೇಹಿತರೇ, ಲಾಭವೆಂಬುದು ವಿಚಿತ್ರವಾದ ಹಕ್ಕಿ. ನಮ್ಮ ಕಾರ್ಖಾನೆಯ ಯಂತ್ರಗಳು ಮೂರು ಪಾಳಿಯಲ್ಲಿ ತಿರುಗುತ್ತಿದ್ದವು, ಡಬ್ಬಿಗಳು ಲಾರಿಗಟ್ಟಲೆ ಹೊರಡುತ್ತಿದ್ದವು, ಅಹಮದಾಬಾದಿನಿಂದ ಸೂರತ್ತಿನವರೆಗೆ ಯಾವ ಅಂಗಡಿಯ ಕನ್ನಡಿ ಬೀರುವಿನಲ್ಲಿ ನೋಡಿದರೂ ನಮ್ಮ ಡಬ್ಬಿಯ ಸುಂದರಿ ನಗುತ್ತಿದ್ದಳು. ಆದರೆ ಮಾರ್ಚಿ ತಿಂಗಳು ಬಂತೆಂದರೆ ನಮ್ಮಷ್ಟು ಬಡವರು ಇಡೀ ವಸಾಹತಿನಲ್ಲಿ ಇನ್ನೊಬ್ಬರಿಲ್ಲ. ಡಬ್ಬಿಯ ಮೇಲಿನ ಹೆಸರನ್ನು ಬಳಸಿದ್ದಕ್ಕೆ ಒಂದು ಬಾಡಿಗೆ, ಒಳಗಿನ ಕ್ರೀಮಿನ ಸೂತ್ರಕ್ಕೆ ಇನ್ನೊಂದು, ಸಮುದ್ರದಾಚೆಯಿಂದ ಬರುವ ಸಲಹೆಗೆ ಮತ್ತೊಂದು ಎಂದು ಮೂರು ದಾರಿಗಳಲ್ಲಿ ಲಾಭವೆಲ್ಲ ಹಾರಿಹೋಗಿ, ನಾನು ಭೂಪಟದಲ್ಲಿ ಭೂತಗನ್ನಡಿ ಹಿಡಿದು ಹುಡುಕಿದ ಒಂದು ಪುಟ್ಟ ದ್ವೀಪದಲ್ಲಿ ಹೋಗಿ ಕೂರುತ್ತಿತ್ತು. ಆ ದ್ವೀಪದಲ್ಲಿ ನಮ್ಮ ಕಾರ್ಖಾನೆಯಿಲ್ಲ, ಕೆಲಸಗಾರರಿಲ್ಲ, ಕ್ರೀಮು ಹಚ್ಚಿಕೊಳ್ಳುವ ಗಿರಾಕಿಗಳೂ ಹೆಚ್ಚಿಲ್ಲ, ತೆರಿಗೆಯೂ ಇಲ್ಲ. ಬಹುರಾಷ್ಟ್ರೀಯ ಎಂಬ ವಿಶೇಷಣದ ಅರ್ಥ ನನಗೆ ಹೊಳೆದದ್ದು ಆಗಲೇ: ಮಾರುವಾಗ ಎಲ್ಲ ರಾಷ್ಟ್ರಕ್ಕೂ ಸೇರಿದ್ದು, ತೆರಿಗೆ ಕೇಳುವಾಗ ಯಾವ ರಾಷ್ಟ್ರಕ್ಕೂ ಸೇರದ್ದು. ಇದೆಲ್ಲ ಕಾನೂನಿನ ಒಳಗೇ ಇತ್ತು. ಕಾನೂನಿನ ಬೇಲಿಯ ಯಾವ ಕಂಬ ಎಲ್ಲಿ ಸಡಿಲವಾಗಿದೆ ಎಂದು ಗುರುತಿಸುವುದಕ್ಕೇ ನಮ್ಮಂಥವರಿಗೆ ಸಂಬಳ.

ಅಂಥ ಒಂದು ಬೆಳಿಗ್ಗೆ ರೇವಾಬೆನ್ ನಮ್ಮ ಕಚೇರಿಗೆ ಬಂದರು.

ಕಾರ್ಖಾನೆಯ ಹಿಂದೆ, ವಸಾಹತಿನ ಗಡಿಯ ಆಚೆ, ಒಂದು ಹಳ್ಳಿಯಿತ್ತು. ಇಡೀ ರಾಜ್ಯವನ್ನು ನಡುಗಿಸಿದ ಆ ದೊಡ್ಡ ಭೂಕಂಪಕ್ಕೆ ಒಂದು ವರ್ಷ ಮೊದಲು ಕಂಪೆನಿಯವರು ಆ ಹಳ್ಳಿಯ ಹೊಲಗಳನ್ನು ಕೊಂಡು ದೊಡ್ಡದೊಂದು ಗೋದಾಮು ಕಟ್ಟಿಸಿದ್ದರು. ಕಾರ್ಖಾನೆ ವಸಾಹತಿನ ಲೆಕ್ಕಕ್ಕೆ, ಗೋದಾಮು ಹಳ್ಳಿಯ ಪಂಚಾಯತಿಯ ಲೆಕ್ಕಕ್ಕೆ. ಗೋದಾಮಿಗೆ ಹೋಗುವ ಲಾರಿಗಳಿಗೆಲ್ಲ ಹಳ್ಳಿಯ ನಡುವಿನ ಒಂದೇ ದಾರಿ. ಮಹಿಳೆಯರಿಗೆ ಮೀಸಲಾದ ಸ್ಥಾನದಲ್ಲಿ ಗೆದ್ದು ಸರಪಂಚ, ಅಂದರೆ ಪಂಚಾಯತಿಯ ಅಧ್ಯಕ್ಷೆ, ಆಗಿದ್ದ ರೇವಾಬೆನ್, ನಲವತ್ತರ ಆಸುಪಾಸಿನ, ಕಡ್ಡಿಯಂಥ ಮೈಕಟ್ಟಿನ, ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸು, ಪಂಚಾಯತಿಯ ಮುದ್ರೆ ಹಾಕಿದ ನೋಟೀಸನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ನಮ್ಮ ವಿಭಾಗದ ಮುಖ್ಯಸ್ಥರಾದ ತ್ರಿವೇದಿ ಸಾಹೇಬರ ಮೇಜಿನ ಮೇಲಿಟ್ಟರು. ಗೋದಾಮು ನಿಂತಂದಿನಿಂದ ಅದರ ಮೇಲಿನ ಮನೆ ತೆರಿಗೆ, ಅಂದರೆ ಕಟ್ಟಡದ ತೆರಿಗೆ, ಒಂದು ಪೈಸೆಯೂ ಬಂದಿಲ್ಲ, ಕಟ್ಟಿ ಎಂಬುದು ನೋಟೀಸಿನ ಸಾರ. ಅವರ ಗುಜರಾತಿಯನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅದರ ಖಡಕ್ಕುತನ ಅರ್ಧ ಮಾತ್ರ ಬಂದೀತು. ಅಲ್ಲಿಯವರ ಬೆನ್ ಎಂದರೆ ನಮ್ಮ ಅಕ್ಕ.

“ನಿಮ್ಮ ಊರಿನ ನಲವತ್ತು ಮಂದಿಗೆ ಕೆಲಸ ಕೊಟ್ಟಿದ್ದೇವೆ ಬೆನ್,” ಎಂದರು ತ್ರಿವೇದಿ ಸಾಹೇಬರು, ಸೌಮ್ಯವಾಗಿಯೇ. “ಅದಕ್ಕಿಂತ ದೊಡ್ಡ ತೆರಿಗೆ ಬೇಕೇ?”

“ಕೆಲಸ ಮಾಡಿಸಿಕೊಂಡಿರಿ, ಕೂಲಿ ಕೊಟ್ಟಿರಿ,” ಎಂದರು ರೇವಾಬೆನ್. “ಕೂಲಿ ನಮ್ಮ ಮೈಯದ್ದು ಸಾಹೇಬ್. ರಸ್ತೆ ಊರಿನದ್ದು. ನಿಮ್ಮ ಲಾರಿ ದಿನಕ್ಕೆ ಅರವತ್ತು ಸಲ ಅದರ ಮೇಲೆ ಓಡುತ್ತದೆ. ಮಕ್ಕಳು ಶಾಲೆಗೆ ಗುಂಡಿಯಲ್ಲಿ ಇಳಿದು ಗುಂಡಿಯಲ್ಲಿ ಹತ್ತಿ ಹೋಗುತ್ತವೆ. ಮೊನ್ನೆ ಒಂದು ಮಗುವಿನ ಕಾಲು ಮುರಿಯಿತು.”

ತ್ರಿವೇದಿ ಸಾಹೇಬರು ಕೆಟ್ಟವರಲ್ಲ. ನಿಜವಾಗಿ ನೊಂದುಕೊಂಡು, ಚಹಾ ತರಿಸಿ, ಶಾಲೆಗೆ ಇಪ್ಪತ್ತು ಬೆಂಚು ಮತ್ತು ಒಂದು ದೊಡ್ಡ ಗಡಿಯಾರವನ್ನು ಕಂಪೆನಿಯ ಪರವಾಗಿ ಕಾಣಿಕೆ ಕೊಡುವುದಾಗಿ ಹೇಳಿದರು. ರೇವಾಬೆನ್ ಚಹಾ ಕುಡಿದರು, ಕಾಣಿಕೆ ಒಲ್ಲೆನೆಂದರು.

“ಕಾಣಿಕೆ ತೆಗೆದುಕೊಂಡರೆ ನಿಮ್ಮ ಎದುರಿಗೆ ಕೈ ಮುಗಿದು ನಿಲ್ಲಬೇಕು. ಗಡಿಯಾರದ ಮೇಲೆ ನಿಮ್ಮ ಹೆಸರಿರುತ್ತದೆ, ಮಕ್ಕಳು ದಿನಾ ಓದುತ್ತವೆ. ತೆರಿಗೆ ಕೊಡಿ. ನಾನು ರಸೀದಿ ಕೊಡುತ್ತೇನೆ. ನೀವೂ ತಲೆ ಎತ್ತಿ, ನಾವೂ ತಲೆ ಎತ್ತಿ.”

ಅವರು ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ದಾನಕ್ಕೂ ತೆರಿಗೆಗೂ ಇರುವ ಅಂತರವನ್ನು ನಾನು ಐದು ವರ್ಷ ಓದಿದ ದಪ್ಪ ಪುಸ್ತಕಗಳಲ್ಲಿ ಯಾರೂ ಹೀಗೆ ಬಿಡಿಸಿಟ್ಟಿರಲಿಲ್ಲ. ದಾನ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೊಟ್ಟವನ ಮನಸ್ಸು ತಿರುಗಿದ ದಿನ ನಿಲ್ಲುತ್ತದೆ. ತೆರಿಗೆ ಸಮನೆಲದಲ್ಲಿ ಹರಿಯುತ್ತದೆ. ಅದರಲ್ಲಿ ಉಪಕಾರವೂ ಇಲ್ಲ, ಉಪಕಾರದ ಭಾರವೂ ಇಲ್ಲ. ಕಂಪೆನಿಗಳು ದಾನವನ್ನು ಇಷ್ಟಪಟ್ಟು ತೆರಿಗೆಯನ್ನು ದ್ವೇಷಿಸುವುದು ಜಿಪುಣತನದಿಂದ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ದಾನ ಕೊಟ್ಟಾಗ ತಾವು ಅತಿಥಿಗಳು, ತೆರಿಗೆ ಕೊಟ್ಟಾಗ ತಾವೂ ಊರಿನವರು. ಊರಿನವರಾಗುವುದಕ್ಕೆ ಅವರಿಗೆ ಮನಸ್ಸಿಲ್ಲ.

ಮರುದಿನ ತ್ರಿವೇದಿ ಸಾಹೇಬರು ನೋಟೀಸನ್ನು ನನ್ನ ಕೈಗಿಟ್ಟು ಅಹಮದಾಬಾದಿಗೆ ಕಳಿಸಿದರು. ನವರಂಗಪುರದಲ್ಲಿ, ಆಟೋಗಳ ಗದ್ದಲದ ಮೇಲೆ ಮೂರನೆಯ ಮಹಡಿಯ ತಂಪಿನಲ್ಲಿ, ನಮ್ಮ ತೆರಿಗೆ ಸಲಹೆಗಾರರ ಕಚೇರಿಯಿತ್ತು. ಸಲಹೆಗಾರರು ನೋಟೀಸನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಗೋದಾಮಿನ ಫೋಟೋ ನೋಡಿ, ಮುಗುಳ್ನಕ್ಕರು.

“ಹೊರಗಡೆ ಗೋಡೆಗೆ ಏನು ಹೊದಿಸಿದ್ದೀರಿ?”

“ತಗಡು ಸರ್.”

“ಮೇಲ್ಛಾವಣಿ?”

“ಅದೂ ತಗಡೇ.”

“ಹಾಗಾದರೆ ಇದು ಕಟ್ಟಡವೇ ಅಲ್ಲವಲ್ಲ ಬೆನ್. ಶೆಡ್ಡು. ನೆಲದ ಮೇಲೆ ಬೋಲ್ಟು ಬಿಗಿದು ನಿಲ್ಲಿಸಿದ್ದು, ನಾಳೆ ಬೇಕೆಂದರೆ ಬಿಚ್ಚಿ ಒಯ್ಯಬಹುದಾದ ತಾತ್ಕಾಲಿಕ ಶೆಡ್ಡು. ತಾತ್ಕಾಲಿಕ ಶೆಡ್ಡಿಗೆ ಎಲ್ಲಿಯ ಮನೆ ತೆರಿಗೆ?”

ಆ ಮಧ್ಯಾಹ್ನವೇ ಅಲ್ಲಿ ಕಾಗದ ಟೈಪಾಯಿತು. ಕೆಳಗೆ ಕಂಪೆನಿಯ ಪರವಾಗಿ ಸಹಿ ಹಾಕುವ ಅಧಿಕಾರ ನನಗಿತ್ತು, ಹಾಕಿದೆ. ಕನ್ನಡದಲ್ಲಿ ಕರ ಎಂದರೆ ಕೈಯೂ ಹೌದು, ತೆರಿಗೆಯೂ ಹೌದು. ನನ್ನ ಕರದಿಂದಲೇ ಕರ ತಪ್ಪಿಸುವ ಕಾಗದ ಹೊರಟಿತು. ಸಹಿಯ ಶಾಯಿ ಒಣಗುವ ಮೊದಲೇ ನನಗೆ ಗೊತ್ತಿತ್ತು ಅದು ಸುಳ್ಳೆಂದು. ಹೇಗೆಂದರೆ, ಭೂಕಂಪವಾದ ಮೇಲೆ ಕಂತು ಇಳಿಸಿಕೊಡಿ ಎಂದು ವಿಮೆಯವರಿಗೆ ಕಳಿಸಿದ ಇನ್ನೊಂದು ಕಾಗದವೂ ನನ್ನ ಮೇಜಿನಿಂದಲೇ ಹೋಗಿತ್ತು. ಅದರಲ್ಲಿ ಇದೇ ಗೋದಾಮು ಶಾಶ್ವತ ಕಾಂಕ್ರೀಟು ಕಟ್ಟಡವೆಂದೂ, ತಗಡು ಬರೀ ಹೊದಿಕೆಯೆಂದೂ, ಅದರ ಅಡಿಪಾಯ ಹದಿನಾಲ್ಕು ಅಡಿ ಆಳದ್ದೆಂದೂ, ಭೂಮಿ ನಡುಗಿದ ದಿನ ಒಂದು ಬಿರುಕೂ ಬೀಳಲಿಲ್ಲವೆಂದೂ ಹೆಮ್ಮೆಯಿಂದ ಬರೆದಿತ್ತು.

ಏಕೆ ಸಹಿ ಹಾಕಿದೆ ಎಂದು ನೀವು ಕೇಳಬಹುದು. ಹೆದರಿದೆ ಎಂದರೆ ಅದು ಪೂರ್ತಿ ಸತ್ಯವಲ್ಲ. ಯಾರೂ ನನ್ನನ್ನು ಹೆದರಿಸಲಿಲ್ಲ. ತಣ್ಣನೆಯ ಕೋಣೆ, ನಯವಾದ ಮಾತು, ಎದುರಿಗೆ ಬಿಸ್ಕತ್ತಿನ ತಟ್ಟೆ; ಅಂಥ ಕಡೆ ಸುಳ್ಳು ಸುಳ್ಳಿನಂತೆ ಕಾಣುವುದೇ ಇಲ್ಲ, ಒಳ್ಳೆಯ ಕೆಲಸಗಾರಿಕೆಯಂತೆ ಕಾಣುತ್ತದೆ.

ಆ ಸಂಜೆ ವಡೋದರಾಕ್ಕೆ ಮರಳಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಮಾವನಿಗೆ ಎಲ್ಲ ಹೇಳಿದೆ. ಅವರು ಕೌಂಟರಿನ ಮೇಲಿದ್ದ ಸೋಂಪಿನ ಡಬ್ಬಿಯನ್ನು ಅತ್ತಿತ್ತ ಸರಿಸಿದರು.

“ಬರೆದದ್ದು ಸುಳ್ಳಾ?” ಎಂದರು.

“ಸುಳ್ಳು ಮಾವ.”

“ಗೊತ್ತಿದ್ದೇ ಬರೆದದ್ದಾ?”

ಹೌದೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. “ಬರೆದದ್ದನ್ನು ಅಳಿಸ್ಲಿಕ್ಕೆ ಆಗುವುದಿಲ್ಲ. ಬಾಯಿ ಉಂಟಲ್ಲ, ಅದಕ್ಕೆ ಯಾರೂ ಬೀಗ ಹಾಕಲಿಲ್ಲ,” ಎಂದಷ್ಟೇ ಹೇಳಿ ಹೊಸ ಗಿರಾಕಿಯ ಕಡೆ ತಿರುಗಿದರು. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತೇನೋ.

ಮರುದಿನ ತ್ರಿವೇದಿ ಸಾಹೇಬರ ಬಳಿ ಹೋಗಿ, ಕಾಗದ ಹಿಂದಕ್ಕೆ ತೆಗೆದುಕೊಳ್ಳೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಸುಮತಿಬೆನ್, ಇದು ಸುಳ್ಳಲ್ಲ, ವ್ಯಾಖ್ಯಾನ. ಇವತ್ತು ಈ ಪಂಚಾಯತಿಗೆ ಕಟ್ಟಿದರೆ ನಾಳೆ ನಮ್ಮ ಎಲ್ಲ ಗೋದಾಮುಗಳ ಬಾಗಿಲಿಗೂ ಒಬ್ಬೊಬ್ಬ ಸರಪಂಚ ಬಂದು ನಿಲ್ಲುತ್ತಾನೆ. ಮೇಲಿನವರು ತೆರಿಗೆ ಕಡಿಮೆಯಿರುವ ಕಡೆ ಕಾರ್ಖಾನೆ ಒಯ್ದರೆ ನಿಮ್ಮ ಕೆಲಸವೂ ಇಲ್ಲ, ನನ್ನದೂ ಇಲ್ಲ.” ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಮೂರು ಪಾಳಿಯ ಕೆಲಸಗಾರರ ಮುಖಗಳು ನನಗೆ ಪರಿಚಯವಿದ್ದವು. ಆದರೂ ಯೋಚಿಸಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಕಂಪೆನಿ ಇಲ್ಲಿಗೆ ಬಂದದ್ದು ತೆರಿಗೆ ಕಡಿಮೆಯೆಂದಲ್ಲ. ಇಲ್ಲಿ ಹೆದ್ದಾರಿಯಿದೆ, ರೈಲಿದೆ, ಓದಿದವರು ಸಿಗುತ್ತಾರೆ, ಕೊಳ್ಳುವವರು ಸಿಗುತ್ತಾರೆ ಎಂದು. ಆ ಹೆದ್ದಾರಿ, ಆ ರೈಲು, ಆ ಓದು ಯಾರದೋ ತೆರಿಗೆಯಿಂದ ಆದದ್ದು. ಎಂಟು ಮೇಜುಗಳ ಹೋಟೆಲಿನ ತೆರಿಗೆಯೂ ಅದರಲ್ಲಿದೆ. ಬೇರೆಯವರು ಹಾಸಿದ ಜಮಖಾನೆಯ ಮೇಲೆ ಕೂತು ಉಂಡು, ಜಮಖಾನೆ ನನ್ನದಲ್ಲ, ಹಾಸಿದ ಶ್ರಮಕ್ಕೆ ನಾನು ಹೊಣೆಯಲ್ಲ ಎನ್ನುವುದನ್ನು ವ್ಯಾಖ್ಯಾನವೆಂದು ಕರೆಯಲು ನನಗೆ ನಾಲಗೆ ತಿರುಗಲಿಲ್ಲ.

ರೇವಾಬೆನ್ ಸುಮ್ಮನಾಗಲಿಲ್ಲ. ತಾಲೂಕು ಅಧಿಕಾರಿಗಳಿಗೆ ದೂರು ಕೊಟ್ಟರು, ಶೆಡ್ಡು ತಾತ್ಕಾಲಿಕವೋ ಅಲ್ಲವೋ ನೀವೇ ಬಂದು ನೋಡಿ ಎಂದರು. ತಿಂಗಳೆರಡು ಕಳೆದ ಮೇಲೆ ಸ್ಥಳ ಪರಿಶೀಲನೆಯ ದಿನ ಬಂತು. ಕಂಪೆನಿಯ ಪರವಾಗಿ ತ್ರಿವೇದಿ ಸಾಹೇಬರು. ಕಾಗದಕ್ಕೆ ಸಹಿ ಹಾಕಿದವಳೆಂದು ಜೊತೆಗೆ ನಾನು.

ಗೋದಾಮಿನ ಮುಂದೆ ಹಳ್ಳಿಯ ಅರ್ಧ ಜನ ನೆರೆದಿದ್ದರು. ಅಧಿಕಾರಿ ಬಿಸಿಲಿಗೆ ಕರವಸ್ತ್ರ ತಲೆಗೆ ಕಟ್ಟಿಕೊಂಡು ಸುತ್ತ ಒಂದು ಸಲ ನಡೆದು, ತಗಡನ್ನು ಬೆರಳಿನಿಂದ ತಟ್ಟಿದರು. ತಗಡು ತಗಡಿನಂತೆಯೇ ಸದ್ದು ಮಾಡಿತು. ತ್ರಿವೇದಿ ಸಾಹೇಬರ ಮುಖ ಅರಳಿತು.

“ನೋಡಿದರೆ ಶೆಡ್ಡಿನ ಹಾಗೇ ಇದೆಯಲ್ಲ ಬೆನ್,” ಎಂದರು ಅಧಿಕಾರಿ.

“ಸಾಹೇಬ್,” ಎಂದರು ರೇವಾಬೆನ್, “ಭೂಮಿ ನಡುಗಿದ ದಿನ ನಮ್ಮ ಶಾಲೆಯ ಇಟ್ಟಿಗೆ ಗೋಡೆ ಬಿರಿಯಿತು. ದೇವಸ್ಥಾನದ ಕಂಬ ವಾಲಿತು. ಈ ತಾತ್ಕಾಲಿಕ ಶೆಡ್ಡಿನ ಒಂದು ಬೋಲ್ಟೂ ಸಡಿಲವಾಗಲಿಲ್ಲ. ಇಷ್ಟು ಗಟ್ಟಿಯಾದ ತಾತ್ಕಾಲಿಕ ಮನೆ ನಮಗೂ ಕಟ್ಟಿಸಿಕೊಡಿ ಎಂದು ಊರಿನವರೆಲ್ಲ ಕೇಳುತ್ತಿದ್ದಾರೆ.”

ಜನ ನಕ್ಕರು. ಅಧಿಕಾರಿಯೂ ನಗು ತಡೆದುಕೊಂಡರು. “ನಗುವಿನಿಂದ ಏನೂ ಸಾಬೀತಾಗುವುದಿಲ್ಲ. ಸಾಕ್ಷಿ ಬೇಕು.”

“ಸಾಕ್ಷಿ ನಾನೇ,” ಎಂದರು ರೇವಾಬೆನ್. ಅವರು ಸೆರಗನ್ನು ತಲೆಯಿಂದ ಸರಿಸಿ ನೆತ್ತಿಯನ್ನು ಮುಟ್ಟಿ ತೋರಿಸಿದರು. “ಈ ತಲೆ. ಸರಪಂಚಳಾಗುವ ಮೊದಲು ನಾನು ಇಲ್ಲಿ ಕೂಲಿಗಿದ್ದೆ. ಇಡೀ ಬೇಸಿಗೆ ಕಾಂಕ್ರೀಟಿನ ಬುಟ್ಟಿ ಹೊತ್ತು ಈ ಗುಂಡಿಗಳಿಗೆ ಸುರಿದಿದ್ದೇನೆ. ಏಣಿ ಹಾಕಿ ಇಳಿಯುವಷ್ಟು ಆಳ. ಎಲ್ಲಿ ಅಗೆಯಬೇಕೆಂದು ಹೇಳುತ್ತೇನೆ, ಅಗೆಸಿ.”

ಅವರು ಲೆಕ್ಕ ಹಾಕುವವರಂತೆ ಗೋಡೆಯುದ್ದಕ್ಕೂ ನಡೆದು ಮೂರನೆಯ ಕಂಬದ ಬಳಿ ನಿಂತು, ಊರಿನವರೊಬ್ಬರ ಕೈಯಿಂದ ಗುದ್ದಲಿ ಕಿತ್ತುಕೊಂಡು ತಾವೇ ಮೊದಲ ಏಟು ಹಾಕಿದರು. ಆಮೇಲೆ ಇಬ್ಬರು ಗಂಡಸರು ಸೇರಿಕೊಂಡರು. ಮಣ್ಣು ಎದ್ದಿತು, ಪಾದದಷ್ಟು, ಮೊಳಕಾಲಿನಷ್ಟು. ತಗಡಿನ ಅಂಚು ಮುಗಿದ ಕೆಳಗೆ ಬೂದುಬಣ್ಣದ ಕಾಂಕ್ರೀಟು ತಲೆ ತೋರಿಸಿತು, ಹಾಗೆಯೇ ಇಳಿಯುತ್ತ ಹೋಯಿತು.

“ಸಾಕು, ಸಾಕು!” ಎಂದು ತ್ರಿವೇದಿ ಸಾಹೇಬರು ಮುಂದೆ ಬಂದರು. “ಇದು ಬರೀ ಕಂಬ ಕೂರಿಸಿದ ಕಟ್ಟೆ. ಇನ್ನೊಂದಡಿಯಲ್ಲಿ ಮುಗಿಯುತ್ತದೆ. ಹೆಚ್ಚು ಅಗೆದರೆ ಕಂಪೆನಿಯ ಆಸ್ತಿಗೆ ಹಾನಿ. ಅದಕ್ಕೆ ಯಾರು ಹೊಣೆ ಸಾಹೇಬ್, ನೀವೇ?”

ಗುದ್ದಲಿಗಳು ನಿಂತವು. ಅಧಿಕಾರಿ ಅನುಮಾನಿಸಿದರು. ಒಂದು ಕಡೆ ಕೂಲಿ ಹೆಂಗಸಿನ ಮಾತು, ಇನ್ನೊಂದು ಕಡೆ ದೊಡ್ಡ ಕಂಪೆನಿಯ ಎಚ್ಚರಿಕೆ. ಅವರು ಕಡತ ತೆರೆದು, ಕಾಗದವನ್ನು ನೋಡಿ, ನನ್ನ ಕಡೆ ತಿರುಗಿದರು.

“ಈ ಸಹಿ ನಿಮ್ಮದೇ ಅಲ್ಲವೇ ಬೆನ್?”

“ನನ್ನದೇ.”

“ಇದರಲ್ಲಿ ಬರೆದದ್ದು ಸರಿಯಿದೆಯೇ?”

ಆ ಕ್ಷಣವನ್ನು ಈಗಲೂ ಬೇಕೆಂದಾಗ ಕರೆದು ಕೂರಿಸಿಕೊಳ್ಳಬಲ್ಲೆ. ಗುಂಡಿಯೊಳಗಿಂದ ರೇವಾಬೆನ್ ನನ್ನನ್ನು ನೋಡುತ್ತಿದ್ದರು. ಬೇಡಿಕೊಳ್ಳುವ ನೋಟವಲ್ಲ ಅದು, ಕಾಯುವ ನೋಟ. ತಿಂಗಳ ಸಂಬಳ, ಊರಿಗೆ ಕಳಿಸುವ ಹಣ, ಎರಡೆರಡು ಸಲ ಬರೆದ ಪರೀಕ್ಷೆ ಎಲ್ಲ ಒಟ್ಟಿಗೆ ನೆನಪಾದವು. ಆದರೆ ಕಣ್ಣು ಮಾತ್ರ ಅವರ ನೆತ್ತಿಯ ಮೇಲೇ ನಿಂತಿತ್ತು. ನಾನು ಒಂದು ಸಾಲಿನಲ್ಲಿ ಇಲ್ಲವೆಂದು ಬರೆದು ಅಳಿಸಿದ್ದನ್ನು ಆ ಹೆಂಗಸು ಒಂದು ಬೇಸಿಗೆಯಿಡೀ ಹೊತ್ತಿದ್ದರು.

“ಸರಿಯಿಲ್ಲ ಸಾಹೇಬ್,” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಗಟ್ಟಿಯಾಗಿತ್ತು. “ನಾನು ಬರೆದದ್ದು ತಪ್ಪು. ಇದು ಶೆಡ್ಡಲ್ಲ, ಕಟ್ಟಡ. ಅಡಿಪಾಯ ಹದಿನಾಲ್ಕು ಅಡಿ ಇದೆ. ಇನ್ನು ಅಗೆಯುವುದು ಬೇಡ.”

ಯಾರೋ ಒಬ್ಬ ಮುದುಕಿ ಜೋರಾಗಿ ಚಪ್ಪಾಳೆ ತಟ್ಟಿದಳು. ಅದರ ಹಿಂದೆ ಇಡೀ ಊರು. ರೇವಾಬೆನ್ ಗುಂಡಿಯಿಂದ ಮೇಲೆ ಬಂದು, ಮಣ್ಣು ಮೆತ್ತಿದ ಕೈಯಿಂದಲೇ ನನ್ನ ಕೈ ಹಿಡಿದರು. ಅಧಿಕಾರಿ ಕಡತದಲ್ಲಿ ಬರೆದುಕೊಂಡು, “ಗುಂಡಿ ಮುಚ್ಚಿರಪ್ಪ” ಎಂದರು.

ಕಾರಿನಲ್ಲಿ ತ್ರಿವೇದಿ ಸಾಹೇಬರು ಕಿಟಕಿಯ ಕಡೆಯೇ ನೋಡುತ್ತಿದ್ದರು. ಕಾರ್ಖಾನೆಯ ಗೇಟು ಬಂದಾಗ ಮಾತ್ರ, “ನನ್ನನ್ನು ಹೀಗೆ ನಡುರಸ್ತೆಯಲ್ಲಿ ನಿಲ್ಲಿಸಬಾರದಿತ್ತು,” ಎಂದರು. ಆ ಮಾತಿನಲ್ಲಿದ್ದ ನೋವು ನಿಜವಾದದ್ದೇ. ನಾನು ಕ್ಷಮೆ ಕೇಳಿದೆ, ಅವರನ್ನು ನೋಯಿಸಿದ್ದಕ್ಕೆ, ಹೇಳಿದ್ದಕ್ಕಲ್ಲ. ಅದೇ ದಿನ ನಡೆದದ್ದನ್ನೆಲ್ಲ ಬರೆದು ಮುಂಬಯಿಯ ಮುಖ್ಯ ಕಚೇರಿಗೆ ನಾನೇ ಕಳಿಸಿದೆ. ವಿಮೆಯ ಕಾಗದವನ್ನೂ ಪಂಚಾಯತಿಗೆ ಬರೆದ ಕಾಗದವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ ಎಂದು ಕೇಳಿಕೊಂಡೆ.

ಕೆಲಸ ಹೋಗುತ್ತದೆಂದು ಮನೆಯಲ್ಲಿ ಹೇಳಿದಾಗ ಮಾವ ದೋಸೆಯ ಹಿಟ್ಟು ಕಲಸುತ್ತಿದ್ದರು. “ಹೋದ್ರೆ ಹೋಗ್ತದೆ. ಎಂಟು ಮೇಜು ಉಂಟು, ಒಂಬತ್ತನೆಯದು ಹಾಕುವ. ನೀನು ಕೌಂಟರಿನಲ್ಲಿ ಕೂತ್ಕೋ,” ಎಂದು, ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ಒಳಗಿದ್ದ ಅತ್ತೆಗೆ ಕೂಗಿದರು, “ಏ ಕೇಳ್ತಾ? ಇವತ್ತು ಸುಮತಿಗೆ ತುಪ್ಪದ ದೋಸೆ!”

ಕೆಲಸ ಹೋಗಲಿಲ್ಲ. ಮುಂಬಯಿಯವರಿಗೆ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಬೆವರಿಳಿದಿರಬೇಕು. ಮೇಲ್ಮನವಿ ಹಾಕದೆ, ಗೋದಾಮು ನಿಂತಂದಿನಿಂದ ಬಾಕಿಯಿದ್ದ ತೆರಿಗೆಯನ್ನೆಲ್ಲ ಒಂದೇ ಕಂತಿನಲ್ಲಿ ಕಟ್ಟಿದರು. ನನ್ನನ್ನು ಮಾತ್ರ ಸೂರತ್ತಿನ ಮಾರಾಟ ಡಿಪೋಗೆ ವರ್ಗ ಮಾಡಿದರು. ಶಿಕ್ಷೆಯೆಂದು ಕೊಟ್ಟ ಆ ಊರು ನನಗೆ ಒಗ್ಗಿತು. ಬಟ್ಟೆ ಮಾರುಕಟ್ಟೆಯ ಓಣಿಗಳಲ್ಲಿ ಬಣ್ಣದ ಗಂಟುಗಳ ಕೆಳಗೆ ಬಾಗಿ ಓಡಾಡುವ ಜನರ ನಡುವೆ, ವಾರಕ್ಕೊಮ್ಮೆ ಒಂದೊಂದು ಸಣ್ಣ ಅಂಗಡಿಯವರ ಜೊತೆ ಚಹಾ ಕುಡಿಯುತ್ತ, ಸಾಮಾನು ಊರೊಳಗೆ ಬರುವಾಗ ನಾಕಾ ಎಂಬ ಸುಂಕದ ಕಟ್ಟೆಯಲ್ಲಿ ಜಕಾತಿ ಕಟ್ಟುವ, ಮನೆ ತೆರಿಗೆ ಕಟ್ಟುವ, ಗೊಣಗುತ್ತಲೇ ಎಲ್ಲ ಕಟ್ಟುವ ಅವರ ಮಾತು ಕೇಳುತ್ತಿದ್ದೆ. ಗೊಣಗುವ ಹಕ್ಕು ಕಟ್ಟುವವರದೇ. ಈ ಚಿಕ್ಕವರೆಲ್ಲ ನಿಂತ ನೆಲಕ್ಕೆ ಕೊಡುತ್ತಿರುವಾಗ ಆಕಾಶದೆತ್ತರದವರು ತಮಗೆ ನೆಲವೇ ಇಲ್ಲವೆನ್ನುವುದು ಹೇಗೆ ನ್ಯಾಯವಾದೀತು? ಗಳಿಸಿದ ಜಾಗದಲ್ಲಿ ಕೊಡಬೇಕು, ಹೆಚ್ಚು ಗಳಿಸಿದವರು ಹೆಚ್ಚು ಕೊಡಬೇಕು. ದ್ವೀಪಕ್ಕೆ ಹಾರಿದ ಆ ದೊಡ್ಡ ಲಾಭ ಇನ್ನೂ ಅಲ್ಲೇ ಕೂತಿದೆ, ಬಲ್ಲೆ. ಅದನ್ನು ಇಳಿಸಲು ನನ್ನಂಥವಳ ಒಂದು ಮಾತು ಸಾಲದು, ಸರಕಾರಗಳೇ ಏಳಬೇಕು. ಆದರೆ ಒಂದು ಹಳ್ಳಿ ತನ್ನ ಪಾಲನ್ನು ಕೇಳಿ ಪಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬುವುದು ಇನ್ನು ನನ್ನಿಂದಾಗದು.

ಮುಂದಿನ ವರ್ಷ, ನವರಾತ್ರಿಗೆ ನಾಲ್ಕು ದಿನ ಇರುವಾಗ, ಡಿಪೋಗೆ ಒಂದು ಫೋನು ಬಂತು. ತ್ರಿವೇದಿ ಸಾಹೇಬರು. ನಾನು ಎದ್ದೇ ನಿಂತೆ.

“ಸುಮತಿಬೆನ್, ಆ ಹಳ್ಳಿಯ ರಸ್ತೆ ಮುಗಿದಿದೆ. ಪೂರ್ತಿ ಕಾಂಕ್ರೀಟು. ಎರಡೂ ಕಡೆ ಮಕ್ಕಳು ನಡೆಯುವುದಕ್ಕೆ ಕಟ್ಟೆ, ದೀಪದ ಕಂಬ.” ಸ್ವಲ್ಪ ತಡೆದು, “ನಮ್ಮ ಲಾರಿಗಳ ಸ್ಪ್ರಿಂಗ್ ಪ್ಲೇಟು ಮುರಿಯುವುದು ನಿಂತಿದೆ. ರಿಪೇರಿ ಬಿಲ್ಲು ಅರ್ಧಕ್ಕಿಳಿದಿದೆ. ಇದನ್ನು ನಿಮಗೆ ಹೇಳಬೇಕು ಅನ್ನಿಸಿತು,” ಎಂದರು. ಆಮೇಲೆ, “ನಿಮ್ಮನ್ನು ಕರೆತರಬೇಕೆಂದು ಸರಪಂಚರು ನನಗೇ ಆಜ್ಞೆ ಮಾಡಿದ್ದಾರೆ,” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನವರಾತ್ರಿಯ ಮೊದಲ ಸಂಜೆ ಮಾವನನ್ನೂ ಅತ್ತೆಯನ್ನೂ ಕರೆದುಕೊಂಡು ತ್ರಿವೇದಿ ಸಾಹೇಬರ ಕಾರಿನಲ್ಲಿ ಹೋದೆ. ಇನ್ನೂ ಬೆಳಕಿತ್ತು. ರಸ್ತೆಯ ನಟ್ಟನಡುವೆ ದೀಪವಿಟ್ಟ ಮಡಕೆಯನ್ನು ಕೂರಿಸಿ, ಸುತ್ತ ರಂಗೋಲಿ ಹಾಕಿ, ಊರಿನ ಹೆಂಗಸರು ಗರ್ಬಾ ಕುಣಿತ ಶುರುಮಾಡಿದ್ದರು. ಹೊಸ ಕಾಂಕ್ರೀಟಿನ ಮೇಲೆ ನೂರಾರು ಬರಿಗಾಲುಗಳು ಒಂದೇ ತಾಳದಲ್ಲಿ ಬಿದ್ದು ಏಳುತ್ತಿದ್ದವು. ರೇವಾಬೆನ್ ನನ್ನನ್ನು ಕಂಡದ್ದೇ ವೃತ್ತ ಬಿಟ್ಟು ಬಂದು, ಕೈಹಿಡಿದು ಎಳೆದರು.

“ಬರುವುದಿಲ್ಲ ಬೆನ್ ನನಗೆ ಇದು!”

“ಅವತ್ತು ಬಾಯಿ ಬಿಟ್ಟಿರಲ್ಲ, ಇವತ್ತು ಕಾಲು ಬಿಡಿ!” ಎಂದರು ಅವರು.

ನಾನು ತಪ್ಪುತಪ್ಪಾಗಿ ಹೆಜ್ಜೆ ಹಾಕಿದೆ. ಚಪ್ಪಾಳೆ ತಟ್ಟಬೇಕಾದಲ್ಲಿ ತಿರುಗಿದೆ, ತಿರುಗಬೇಕಾದಲ್ಲಿ ಪಕ್ಕದವರಿಗೆ ಢಿಕ್ಕಿ ಹೊಡೆದೆ. ಎರಡು ಸುತ್ತಿನ ಹೊತ್ತಿಗೆ ಕಾಲಿಗೆ ತಾಳ ಸಿಕ್ಕಿತು, ಮೂರನೆಯದಕ್ಕೆ ಮೈಗೆ ರೆಕ್ಕೆ ಬಂತು. ಆಗಲೇ ಹಳ್ಳಿಯ ಅಂಚಿನಲ್ಲಿ ಹಾರ್ನು ಕೇಳಿಸಿತು: ಕಂಪೆನಿಯ ಲಾರಿ, ಅದರ ಹಿಂದೆ ಇನ್ನೊಂದು, ಇನ್ನೂ ನಾಲ್ಕು. ಹೆಂಗಸರ ಹೆಜ್ಜೆ ಅರೆಕ್ಷಣ ಹಿಂಜರಿಯಿತು. ಇಷ್ಟು ವರ್ಷ ಆ ಸದ್ದಿಗೆ ಸರಿದು ದಾರಿ ಬಿಟ್ಟ ಕಾಲುಗಳವು.

ರೇವಾಬೆನ್ ಸರಿಯಲಿಲ್ಲ. ಒಂದು ಕೈ ಎತ್ತಿ ಲಾರಿಯತ್ತ ಅಂಗೈ ತೋರಿಸಿ, ಇನ್ನೊಂದು ಕೈಯಿಂದ ನನ್ನನ್ನು ಹಿಡಿದು, ಆಡುತ್ತಲೇ ಇದ್ದರು. ವೃತ್ತ ಮತ್ತೆ ತಿರುಗಿತು, ಮೊದಲಿಗಿಂತ ಜೋರಾಗಿ. ಮುಂದಿನ ಲಾರಿಯ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ನೋಡಿದ, ದೀಪದ ಮಡಕೆಯನ್ನು ಕಂಡು ಕೈ ಮುಗಿದ, ಇಂಜಿನ್ ಆರಿಸಿದ. ಅವನ ಹಿಂದೆ ಒಂದೊಂದಾಗಿ ಐದೂ ಇಂಜಿನ್ನುಗಳು ಆರಿದವು.